ಗಾಜಿನ ಕಾರ್ಯಾಗಾರದ ಜಾಡು ಹಿಡಿದು: ಒಂದು ವಿಶ್ವವಿದ್ಯಾಲಯ ಪತ್ರಾಗಾರದ ವಿಮರ್ಶೆ

ನಾನು ಓದಿದ ವಿಶ್ವವಿದ್ಯಾಲಯದ ಪತ್ರಾಗಾರಕ್ಕೆ ಕಳೆದ ವರ್ಷ ಎರಡು ಬಾರಿ ಹೋಗಿ ಒಟ್ಟು ಹನ್ನೊಂದು ದಿನ ಅಲ್ಲಿ ಕುಳಿತು ಕೆಲಸ ಮಾಡಿದೆ. ನನಗೆ ಬೇಕಾಗಿದ್ದುದು ರಸಾಯನಶಾಸ್ತ್ರ ವಿಭಾಗದ ಹಿಂಬದಿಯಲ್ಲಿ ಬಹುಕಾಲ ನಡೆದು ಈಗ ಮುಚ್ಚಿಹೋಗಿರುವ ಗಾಜಿನ ಕಾರ್ಯಾಗಾರದ ಇತಿಹಾಸ. ನಾನು ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನಮ್ಮ ಪ್ರಯೋಗಗಳಿಗೆ ಬೇಕಾದ ನಿರ್ವಾತ ನಳಿಗೆಗಳು, ಸುರುಳಿಯ ಕಂಡೆನ್ಸರುಗಳು, ಕೊಂಡು ತರಲು ಸಿಗದ ಆಕಾರದ ಕೀಲುಗಳು ಎಲ್ಲವನ್ನೂ ಅಲ್ಲಿನ ಮೇಸ್ತ್ರಿ ಉರಿಯ ಮುಂದೆ ಕುಳಿತು ಊದಿ ಮಾಡಿಕೊಡುತ್ತಿದ್ದರು. ವಿಭಾಗದ ಇತಿಹಾಸವೆಂದು ಅಚ್ಚಾಗಿರುವ ಸ್ಮರಣ ಸಂಚಿಕೆಗಳಲ್ಲಿ ಪ್ರಾಧ್ಯಾಪಕರ ಹೆಸರುಗಳಿವೆ, ಪ್ರಶಸ್ತಿಗಳಿವೆ, ಕಟ್ಟಡಗಳ ಶಂಕುಸ್ಥಾಪನೆಯ ದಿನಾಂಕಗಳಿವೆ. ಕಾರ್ಯಾಗಾರದ ಬಗ್ಗೆ ಒಂದು ಸಾಲೂ ಇಲ್ಲ. ಹಾಗಾಗಿ ಈ ಪತ್ರಾಗಾರವನ್ನು ನಾನು ಅಳೆದಿರುವುದು ಒಂದೇ ಪ್ರಶ್ನೆಯಿಂದ: ಯಾವ ಆದೇಶಕ್ಕೂ ಸಹಿ ಹಾಕದ, ಯಾವ ಸಭೆಯಲ್ಲೂ ಕೂರದ ಮನುಷ್ಯ ಅಲ್ಲಿ ಸಿಗುತ್ತಾನೆಯೇ? ಸಿಗುತ್ತಾನೆ ಎಂಬುದು ನನ್ನ ಅನುಭವ. ಆದರೆ ತಾನಾಗಿ ಸಿಗುವುದಿಲ್ಲ. ಸಿಗುವಂತೆ ಮಾಡುವ ಕೆಲಸದಲ್ಲಿ ಆ ಪತ್ರಾಗಾರ ಅರ್ಧ ದಾರಿಯನ್ನು ಬಹಳ ಚೆನ್ನಾಗಿ ಕ್ರಮಿಸಿದೆ, ಇನ್ನರ್ಧ ಬಾಕಿಯಿದೆ. ಲೋಪಗಳನ್ನೂ ಬರೆಯುತ್ತಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ.

ಗ್ರಂಥಾಲಯದ ಅಭ್ಯಾಸವಿಟ್ಟುಕೊಂಡು ಪತ್ರಾಗಾರಕ್ಕೆ ಹೋಗುವವರು ಮೊದಲ ದಿನವೇ ನಿರಾಶರಾಗುವುದುಂಟು. ಗ್ರಂಥಾಲಯದಲ್ಲಿರುವುದು ಓದುಗರಿಗಾಗಿಯೇ ಬರೆದ ಪುಸ್ತಕ. ಅದಕ್ಕೊಂದು ಶೀರ್ಷಿಕೆ, ಒಂದು ವಿಷಯ, ಕಪಾಟಿನಲ್ಲಿ ಒಂದು ಜಾಗ ಇರುತ್ತದೆ. ಪತ್ರಾಗಾರದಲ್ಲಿರುವುದು ಯಾವುದೋ ಕೆಲಸ ನಡೆಯುವಾಗ ಹುಟ್ಟಿಕೊಂಡ ಕಾಗದ: ಸೆನೆಟ್ ಮತ್ತು ಸಿಂಡಿಕೇಟಿನ ನಡಾವಳಿಗಳು, ಕುಲಸಚಿವರ ಪತ್ರವ್ಯವಹಾರ, ಪ್ರವೇಶದ ರಿಜಿಸ್ಟರುಗಳು, ಕಟ್ಟಡಗಳ ನಕ್ಷೆಗಳು, ಘಟಿಕೋತ್ಸವದ ಛಾಯಾಚಿತ್ರಗಳು, ವಿದ್ಯಾರ್ಥಿ ಸಂಘದ ಕರಪತ್ರಗಳು, ನಿವೃತ್ತ ಅಧ್ಯಾಪಕರ ಮನೆಯಿಂದ ಬಂದ ಟಿಪ್ಪಣಿ ಪುಸ್ತಕಗಳು. ಇವನ್ನು ಬರೆದವರು ಮುಂದೊಂದು ದಿನ ಯಾರೋ ಬಂದು ಓದುತ್ತಾರೆಂದು ಯೋಚಿಸಿರಲಿಲ್ಲ, ಮತ್ತು ಅವುಗಳಲ್ಲಿ ಬಹುಪಾಲು ಲೋಕದಲ್ಲಿ ಒಂದೇ ಪ್ರತಿಯಾಗಿ ಉಳಿದಿರುವಂಥವು. ಕಳೆದರೆ ಇನ್ನೊಂದನ್ನು ತರಿಸಿಕೊಳ್ಳುವ ಹಾಗಿಲ್ಲ.

ಇದರ ಬೆಲೆ ಏನೆಂಬುದನ್ನು ಹಳೆಯ ವಿಶ್ವವಿದ್ಯಾಲಯಗಳು ಕಷ್ಟಪಟ್ಟೇ ಕಲಿತವು. 1381ರ ರೈತರ ದಂಗೆಯ ಸಮಯದಲ್ಲಿ ಕೇಂಬ್ರಿಜ್ ಪಟ್ಟಣದ ಜನ ವಿಶ್ವವಿದ್ಯಾಲಯದ ಸನ್ನದುಗಳನ್ನೂ ದಾಖಲೆಗಳನ್ನೂ ಹೊತ್ತು ತಂದು ಸಂತೆಯ ಚೌಕದಲ್ಲಿ ಸುಟ್ಟರು. ಅವರಿಗೆ ಆ ಕಾಗದಗಳು ತಮ್ಮ ಮೇಲೆ ವಿಶ್ವವಿದ್ಯಾಲಯಕ್ಕಿದ್ದ ಅಧಿಕಾರದ ಗುರುತಾಗಿದ್ದವು. ಆಕ್ಸ್‌ಫರ್ಡಿನಲ್ಲಿ ದಾಖಲೆಗಳನ್ನು ಕಾಯಲೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿದ್ದು 1634ರಲ್ಲಿ. ಬ್ರಯನ್ ಟ್ವೈನ್ ಆ ಹುದ್ದೆಯ ಮೊದಲಿಗ. ಇನ್ನು ಬೊಲೋನ್ಯ ವಿಶ್ವವಿದ್ಯಾಲಯ ಹುಟ್ಟಿದ ವರ್ಷವೆಂದು ಎಲ್ಲೆಡೆ ಹೇಳಲಾಗುವ 1088 ಯಾವ ಸ್ಥಾಪನಾ ಪತ್ರದಿಂದಲೂ ಬಂದದ್ದಲ್ಲ; ಎಂಟುನೂರನೇ ವರ್ಷದ ಉತ್ಸವವನ್ನು 1888ರಲ್ಲಿ ಆಚರಿಸುವುದಕ್ಕಾಗಿ ಕವಿ ಜೊಸುಯೆ ಕಾರ್ದುಚ್ಚಿ ಅವರ ನೇತೃತ್ವದ ಸಮಿತಿಯೊಂದು ಅದನ್ನು ಗೊತ್ತುಮಾಡಿತು. ಅಷ್ಟು ದೊಡ್ಡ ವಿದ್ಯಾಸಂಸ್ಥೆಯ ಹುಟ್ಟಿನ ದಿನಕ್ಕೇ ಕಾಗದದ ಆಧಾರ ಉಳಿದಿಲ್ಲವೆಂದಾದರೆ, ಗಾಜು ಊದುವ ಮೇಸ್ತ್ರಿಯೊಬ್ಬರ ಹೆಸರು ಎಲ್ಲಾದರೂ ಉಳಿದಿರುವುದನ್ನು ಪುಣ್ಯವೆಂದೇ ಎಣಿಸಬೇಕು.

ವಾಚನ ಕೊಠಡಿಯ ವ್ಯವಸ್ಥೆ ಹೆಚ್ಚು ಮಾತು ಬೇಡದಷ್ಟು ಚೆನ್ನಾಗಿದೆ. ಮೊದಲೇ ಅರ್ಜಿ ಸಲ್ಲಿಸಬೇಕು, ಗುರುತಿನ ಚೀಟಿ ತೋರಿಸಬೇಕು, ಚೀಲ ಮತ್ತು ನೀರಿನ ಬಾಟಲಿಯನ್ನು ಹೊರಗಿನ ಕಪಾಟಿನಲ್ಲಿಡಬೇಕು, ಒಳಗೆ ಪೆನ್ನು ನಿಷಿದ್ಧ, ಪೆನ್ಸಿಲನ್ನು ಅವರೇ ಕೊಡುತ್ತಾರೆ. ಒಮ್ಮೆಗೆ ಒಂದು ಪೆಟ್ಟಿಗೆ, ಪೆಟ್ಟಿಗೆಯಿಂದ ಒಮ್ಮೆಗೆ ಒಂದು ಫೋಲ್ಡರ್. ಫೋಲ್ಡರನ್ನು ಎತ್ತಿದ ಜಾಗದಲ್ಲಿ ನಿಮ್ಮ ಹೆಸರಿನ ರಟ್ಟಿನ ಪಟ್ಟಿಯೊಂದನ್ನು ನಿಲ್ಲಿಸಿ ಹೋಗಬೇಕು, ವಾಪಸು ಇಡುವಾಗ ಕ್ರಮ ತಪ್ಪಬಾರದೆಂದು. ಹಳೆಯ ಕಾಗದವೆಂದರೆ ಬಿಳಿ ಕೈಗವಸು ಹಾಕಿಕೊಳ್ಳಬೇಕೆಂಬ ನಂಬಿಕೆ ಹಲವರಲ್ಲಿದೆ; ಇಲ್ಲಿ ಕಾಗದ ಮುಟ್ಟಲು ಕೈ ತೊಳೆದು ಒರೆಸಿಕೊಂಡು ಬನ್ನಿ ಎನ್ನುತ್ತಾರೆ, ಛಾಯಾಚಿತ್ರ ಮತ್ತು ನೆಗೆಟಿವ್‌ಗಳಿಗೆ ಮಾತ್ರ ಕೈಗವಸು ಕೊಡುತ್ತಾರೆ. ಅದು ಸರಿಯಾದ ಕ್ರಮ. ಬಟ್ಟೆಯ ಕೈಗವಸಿನಲ್ಲಿ ಬೆರಳಿಗೆ ಹಾಳೆಯ ಅಂಚು ತಿಳಿಯುವುದಿಲ್ಲ, ಮುರುಕಲು ಕಾಗದ ಹರಿಯುವುದೇ ಹಾಗೆ. ಫ್ಲ್ಯಾಷ್ ಇಲ್ಲದೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಲು ಅನುಮತಿಯಿದೆ, ಅದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಇಷ್ಟೆಲ್ಲ ಕಟ್ಟುನಿಟ್ಟನ್ನು ಸಿಬ್ಬಂದಿ ಸಿಡುಕದೆ, ಕಾರಣ ಹೇಳಿ ಪಾಲಿಸುತ್ತಾರೆಂಬುದು ನನಗೆ ಬಹಳ ಮೆಚ್ಚುಗೆಯಾಯಿತು.

ಕಷ್ಟ ಶುರುವಾದದ್ದು ಹುಡುಕುವಾಗ. ಸೂಚಿಯ ಕಂಪ್ಯೂಟರಿನಲ್ಲಿ ‘ಗಾಜಿನ ಕಾರ್ಯಾಗಾರ’ ಎಂದು ಹಾಕಿದೆ, ಏನೂ ಬರಲಿಲ್ಲ. ‘ಗಾಜು’ ಎಂದು ಹಾಕಿದಾಗ ಗ್ರಂಥಾಲಯ ಕಟ್ಟಡದ ಕಿಟಕಿ ಗಾಜಿನ ದುರಸ್ತಿಯ ಕಡತವೊಂದು ಬಂತು. ರಸಾಯನಶಾಸ್ತ್ರ ವಿಭಾಗದ ಹೆಸರಿನಲ್ಲಿ ನಲವತ್ತಕ್ಕೂ ಹೆಚ್ಚು ಪೆಟ್ಟಿಗೆಗಳಿದ್ದವು. ಮೊದಲೆರಡು ದಿನ ಅವುಗಳಲ್ಲಿ ಹನ್ನೆರಡನ್ನು ತೆಗೆಸಿ ನೋಡಿದೆ. ಪಠ್ಯಕ್ರಮ, ಪರೀಕ್ಷಕರ ನೇಮಕ, ಸಮ್ಮೇಳನದ ಆಹ್ವಾನ ಪತ್ರಿಕೆಗಳು. ಎರಡನೆಯ ದಿನ ಸಂಜೆ ಬರಿಗೈಯಲ್ಲಿ ಹೊರಡುವಾಗ ಮೇಜಿನ ಬಳಿಯಿದ್ದ ಆರ್ಕೈವಿಸ್ಟ್ ಅವರಿಗೆ ನನ್ನ ಹುಡುಕಾಟವನ್ನು ವಿವರಿಸಿದೆ. ಅವರು ಕೇಳಿದ ಪ್ರಶ್ನೆ ಇಂದಿಗೂ ನೆನಪಿದೆ: “ಆ ಮೇಸ್ತ್ರಿಯವರಿಗೆ ಗಾಜಿನ ಕೊಳವೆಗಳನ್ನು ತರಿಸಿಕೊಡುತ್ತಿದ್ದವರು ಯಾರು ಸರ್?”

ಆ ಪ್ರಶ್ನೆಯ ಹಿಂದೆ ಪತ್ರಾಗಾರ ಶಾಸ್ತ್ರದ ತಿರುಳೇ ಇದೆ. ದಾಖಲೆಗಳನ್ನು ವಿಷಯದ ಪ್ರಕಾರ ಬೇರೆ ಬೇರೆ ಮಾಡದೆ, ಯಾವ ಕಚೇರಿ ಅಥವಾ ವ್ಯಕ್ತಿಯ ಕೈಯಲ್ಲಿ ಅವು ಹುಟ್ಟಿದವೋ ಆ ಮೂಲದ ಪ್ರಕಾರವೇ ಒಟ್ಟಿಗಿಡಬೇಕು ಎಂಬ ನಿಯಮವನ್ನು ಫ್ರಾನ್ಸಿನ ಗೃಹ ಮಂತ್ರಾಲಯ 1841ರಲ್ಲಿ ನತಾಲಿಸ್ ದ ವೈಯ್ಯಿ ಅವರು ರೂಪಿಸಿದ ಸುತ್ತೋಲೆಯ ಮೂಲಕ ಜಾರಿಗೆ ತಂದಿತು. ಮುಂದೆ 1898ರಲ್ಲಿ ನೆದರ್ಲೆಂಡ್ಸ್‌ನ ಮ್ಯೂಲರ್, ಫೈತ್ ಮತ್ತು ಫ್ರೌನ್ ಎಂಬ ಮೂವರು ಬರೆದ ಕೈಪಿಡಿ, ಕಚೇರಿಯಲ್ಲಿದ್ದಾಗಿನ ಮೂಲಕ್ರಮವನ್ನೂ ಕೆಡಿಸಬಾರದೆಂಬ ಮಾತನ್ನು ಗಟ್ಟಿಗೊಳಿಸಿತು. ಹೊರಗಿನವರಿಗೆ ಇದು ತೊಡಕಿನ ವ್ಯವಸ್ಥೆಯಂತೆ ಕಾಣುತ್ತದೆ. ಎಲ್ಲ ಕಾಗದಗಳನ್ನೂ ವಿಷಯವಾರು ಜೋಡಿಸಿಟ್ಟಿದ್ದರೆ ನನಗೆ ಮೊದಲ ದಿನವೇ ಸಿಗುತ್ತಿರಲಿಲ್ಲವೇ ಎಂದು ನಾನೂ ಆಗ ಅಂದುಕೊಂಡೆ. ಆದರೆ ವಿಷಯವಾರು ಜೋಡಿಸುವವನು ತನಗೆ ಮುಖ್ಯವೆಂದು ತೋರಿದ ವಿಷಯಗಳಿಗೆ ಮಾತ್ರ ಗೂಡು ಕಟ್ಟುತ್ತಾನೆ. ಐವತ್ತು ವರ್ಷದ ಹಿಂದೆ ಈ ಪೆಟ್ಟಿಗೆಗಳನ್ನು ಹಾಗೆ ಬಿಡಿಸಿ ಜೋಡಿಸಿದ್ದರೆ ಗಾಜಿನ ಕೆಲಸಕ್ಕೆ ಯಾರೂ ಒಂದು ಗೂಡನ್ನು ಮೀಸಲಿಡುತ್ತಿರಲಿಲ್ಲ, ಆ ಕಾಗದಗಳು ಹತ್ತು ಕಡೆ ಚದುರಿಹೋಗಿರುತ್ತಿದ್ದವು. ಮೂಲದ ಪ್ರಕಾರ ಇಟ್ಟಿದ್ದರಿಂದಲೇ, ‘ಈ ಸಂಗತಿಯ ಬಗ್ಗೆ ಕಾಗದ ಹುಟ್ಟಿಸಬೇಕಾಗಿದ್ದ ಕಚೇರಿ ಯಾವುದು’ ಎಂದು ಯೋಚಿಸಿದರೆ ದಾರಿ ತೆರೆಯುತ್ತದೆ.

ಕಚೇರಿ ಯಾವುದೆಂಬುದು ಗೊತ್ತಾದ ಮೇಲೆ ಸಂಗ್ರಹದ ವಿವರಣಾ ಸೂಚಿ ಕೆಲಸಕ್ಕೆ ಬಂತು. ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿ 1994ರಲ್ಲಿ ಹೊರತಂದು 2000ದಲ್ಲಿ ಪರಿಷ್ಕರಿಸಿದ ಮಾನದಂಡದ ಪ್ರಕಾರ ಅದನ್ನು ಸಿದ್ಧಪಡಿಸಿದ್ದಾರೆ: ಮೊದಲು ಇಡೀ ಸಂಗ್ರಹದ ವಿವರಣೆ, ಆಮೇಲೆ ಸರಣಿ, ಆಮೇಲೆ ಕಡತ, ಹೀಗೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಕ್ರಮ. ಪ್ರತಿ ಸಂಗ್ರಹದ ತಲೆಯಲ್ಲಿ ಆ ಕಚೇರಿ ಯಾವಾಗ ಶುರುವಾಯಿತು, ಯಾವ ವರ್ಷ ಯಾವುದರ ಜೊತೆ ಸೇರಿಹೋಯಿತು, ಕಾಗದಗಳು ಪತ್ರಾಗಾರಕ್ಕೆ ಬರುವ ಮುನ್ನ ಎಲ್ಲೆಲ್ಲಿದ್ದವು ಎಂಬ ಟಿಪ್ಪಣಿಯಿದೆ. ಈ ಟಿಪ್ಪಣಿಗಳನ್ನು ಬರೆದವರು ಯಾರೇ ಇರಲಿ, ಅವರಿಗೆ ನನ್ನ ನಮಸ್ಕಾರ. ಕೇಂದ್ರ ಉಗ್ರಾಣ ಸಮಿತಿಯ ಬಗ್ಗೆ ಬರೆದ ಒಂದು ಪ್ಯಾರಾದಲ್ಲಿ “ವಿಜ್ಞಾನ ವಿಭಾಗಗಳ ಕಾರ್ಯಾಗಾರಗಳಿಗೆ ಸಾಮಗ್ರಿ ಪೂರೈಕೆಯೂ ಈ ಸಮಿತಿಗೆ ಸೇರಿತ್ತು” ಎಂಬ ಸಾಲು ಕಂಡಾಗ ನನ್ನ ಎದೆ ಬಡಿತ ಹೆಚ್ಚಾದದ್ದು ನಿಜ.

ಮೂರನೆಯ ದಿನ ಬೆಳಿಗ್ಗೆ ಉಗ್ರಾಣ ಸಮಿತಿಯ ಏಳನೆಯ ಪೆಟ್ಟಿಗೆ ಮೇಜಿಗೆ ಬಂತು. ಅದರಲ್ಲಿ ಉದ್ದನೆಯ ಬೇಡಿಕೆ ರಿಜಿಸ್ಟರೊಂದಿತ್ತು. ಬೆನ್ನಿನ ಬಟ್ಟೆ ಬಿಟ್ಟುಕೊಂಡಿದ್ದರಿಂದ ಹತ್ತಿಯ ಪಟ್ಟಿಯಿಂದ ಕಟ್ಟಿದ್ದರು. ಆಧಾರಕ್ಕೆಂದು ಕೊಟ್ಟ ಫೋಮಿನ ಇಳಿಜಾರುಗಳ ಮೇಲೆ ಅದನ್ನು ಬಿಚ್ಚಿಟ್ಟು ಪುಟ ತಿರುವುತ್ತಾ ಹೋದರೆ, ಬೋರೋಸಿಲಿಕೇಟ್ ಕೊಳವೆಗಳ ಅಳತೆ, ಆಕ್ಸಿಜನ್ ಸಿಲಿಂಡರುಗಳ ಸಂಖ್ಯೆ, ಹಳದಿ ಉರಿಯನ್ನು ಕಣ್ಣಿಗೆ ತಡೆಯುವ ಬಣ್ಣದ ಕನ್ನಡಕ ಎರಡು, ಸ್ಟಾಪ್‌ಕಾಕ್‌ಗೆ ಸವರುವ ಗ್ರೀಸ್ ಎಂದು ತಿಂಗಳು ತಿಂಗಳ ಲೆಕ್ಕ. ಒಂದು ಪುಟಕ್ಕೆ ಗುಂಡುಸೂಜಿಯಿಂದ ಚುಚ್ಚಿದ್ದ ಚೀಟಿಯೊಂದಿತ್ತು. ಸೂಜಿಯನ್ನು ಪತ್ರಾಗಾರದವರು ತೆಗೆದಿದ್ದರು, ಅದರ ತುಕ್ಕಿನ ಗುರುತು ಎರಡು ಕಂದು ಚುಕ್ಕೆಗಳಾಗಿ ಉಳಿದಿತ್ತು. ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಚಿತ್ರ: ಮೂರು ಕವಲಿನ ನಳಿಗೆ, ಪಕ್ಕದಲ್ಲಿ ಅಳತೆಗಳು, ಒಂದು ಬಾಗಿನ ಕೆಳಗೆ ಗೆರೆ ಎಳೆದು “ಇಲ್ಲಿ ಬಿರಿಯುತ್ತದೆ, ಇನ್ನೂ ನಿಧಾನ ತಣಿಸಬೇಕು” ಎಂಬ ಟಿಪ್ಪಣಿ. ಗಾಜನ್ನು ಕಾಯಿಸಿ ಬಾಗಿಸಿದ ಮೇಲೆ ಒಳಗೆ ಉಳಿಯುವ ಬಿಗುವನ್ನು ಕುಲುಮೆಯಲ್ಲಿ ಮೆಲ್ಲಗೆ ತಣಿಸಿ ಕಳೆಯದಿದ್ದರೆ ಅದು ಯಾವಾಗಲೋ ಒಂದು ದಿನ ತಾನಾಗಿ ಸೀಳುತ್ತದೆ. ಅದನ್ನು ನಮಗೆ ಹೇಳಿಕೊಟ್ಟದ್ದು ಅವರೇ. ಆ ಅಕ್ಷರ ಅವರದೇ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು, ಏಕೆಂದರೆ ನನ್ನ ಪ್ರಬಂಧದ ಕರಡು ಚಿತ್ರಗಳ ಮೇಲೂ ಅದೇ ಅಕ್ಷರದ ತಿದ್ದುಪಡಿಗಳಿವೆ.

ಆ ಚೀಟಿ ಉಳಿದಿರುವುದು ಆಕಸ್ಮಿಕವಲ್ಲ ಎಂಬುದನ್ನು ಹೇಳಲೇಬೇಕು. ಪೆಟ್ಟಿಗೆ ಆಮ್ಲರಹಿತ ರಟ್ಟಿನದು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮರದ ತಿರುಳಿನಿಂದಲೂ ಪಟಿಕ (ಆಲಂ) ಮತ್ತು ರಾಳದ ಲೇಪದಿಂದಲೂ ಮಾಡಿದ ಅಗ್ಗದ ಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಗಟ್ಟಿ ಪುಡಿಯಾಗುತ್ತದೆ; ಅಂಥ ಹಾಳೆಯನ್ನು ಮಾಮೂಲಿ ರಟ್ಟಿನಲ್ಲಿಟ್ಟರೆ ರಟ್ಟಿನ ಆಮ್ಲವೂ ಅದಕ್ಕೆ ಸೇರುತ್ತದೆ. ಸ್ಟೇಪಲ್ ಪಿನ್, ಕ್ಲಿಪ್, ರಬ್ಬರ್ ಬ್ಯಾಂಡ್ ಎಲ್ಲವನ್ನೂ ತೆಗೆದು, ಆದರೆ ಯಾವ ಹಾಳೆ ಯಾವುದಕ್ಕೆ ಸೇರಿತ್ತೆಂಬುದು ತಪ್ಪದಂತೆ ಮಡಚಿದ ಕಾಗದದಲ್ಲಿ ಸೇರಿಸಿಟ್ಟಿದ್ದಾರೆ. ದಾಸ್ತಾನು ಕೋಣೆಯನ್ನು ಬಾಗಿಲಲ್ಲೇ ನಿಂತು ನೋಡಲು ಅವಕಾಶ ಕೊಟ್ಟರು. ತಾಪಮಾನ 18 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇಕಡ 45 ಎಂದು ಗೋಡೆಯ ಮೇಲಿನ ಉಪಕರಣ ತೋರಿಸುತ್ತಿತ್ತು. ಹವೆ ತಂಪಾಗಿದ್ದಷ್ಟೂ ಕಾಗದದೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ ಎಂಬುದು ರಸಾಯನಶಾಸ್ತ್ರ ಓದಿದ ನನಗೆ ಹೊಸತಲ್ಲ, ಆದರೆ ಅದನ್ನು ವರ್ಷದ ಎಲ್ಲ ದಿನ ಏರುಪೇರಿಲ್ಲದೆ ನಡೆಸಿಕೊಂಡು ಬರುವುದರ ಹಿಂದಿನ ಶ್ರದ್ಧೆಯನ್ನು ಅಂದು ಕಣ್ಣಾರೆ ಕಂಡೆ.

ಅದೇ ಕೋಣೆಯಲ್ಲಿ ನನಗೆ ಆತಂಕ ತಂದ ದೃಶ್ಯವೂ ಒಂದಿತ್ತು. ದಾಸ್ತಾನು ಇರುವುದು ನೆಲಮಾಳಿಗೆಯಲ್ಲಿ, ಕಪಾಟುಗಳ ಒಂದು ಸಾಲಿನ ನೆತ್ತಿಯ ಮೇಲೇ ನೀರಿನ ಕೊಳವೆ ಹಾದುಹೋಗಿದೆ. ಅದನ್ನು ಬೇರೆಡೆಗೆ ಸರಿಸಲು ಹಲವು ವರ್ಷಗಳಿಂದ ಬರೆಯುತ್ತಿದ್ದೇವೆ, ಆಡಳಿತದಿಂದ ಹಣ ಮಂಜೂರಾಗಿಲ್ಲ ಎಂದು ಸಿಬ್ಬಂದಿಯೇ ಬೇಸರದಿಂದ ಹೇಳಿದರು. ವಿಶ್ವವಿದ್ಯಾಲಯದ ಆಡಳಿತ ಈ ವಿಷಯವನ್ನು ಇಷ್ಟು ಹಗುರವಾಗಿ ತೆಗೆದುಕೊಂಡಿರುವುದನ್ನು ನಾನು ಒಪ್ಪುವುದಿಲ್ಲ. 2008ರ ಜೂನ್‌ನಲ್ಲಿ ಪ್ರವಾಹ ಬಂದಾಗ ಅಮೆರಿಕದ ಅಯೋವ ವಿಶ್ವವಿದ್ಯಾಲಯದ ಮುಖ್ಯ ಗ್ರಂಥಾಲಯದ ನೆಲಮಾಳಿಗೆಯಿಂದ ಪುಸ್ತಕಗಳನ್ನೂ ಹಸ್ತಪ್ರತಿಗಳನ್ನೂ ಸ್ವಯಂಸೇವಕರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಮೇಲಿನ ಮಹಡಿಗೆ ಏರಿಸಬೇಕಾಯಿತು. 2021ರ ಏಪ್ರಿಲ್ 18ರಂದು ಟೇಬಲ್ ಮೌಂಟನ್ ಇಳಿಜಾರಿನ ಕಾಡ್ಗಿಚ್ಚು ಕೇಪ್‌ಟೌನ್ ವಿಶ್ವವಿದ್ಯಾಲಯಕ್ಕೆ ಹಬ್ಬಿ, ಜ್ಯಾಗರ್ ಗ್ರಂಥಾಲಯದ ವಾಚನಾಲಯವೂ ಆಫ್ರಿಕಾ ಅಧ್ಯಯನದ ಮುದ್ರಿತ ಸಂಗ್ರಹದ ಬಹುಭಾಗವೂ ಸುಟ್ಟುಹೋದವು. ಅಗ್ನಿನಿರೋಧಕ ಬಾಗಿಲುಗಳು ಮುಚ್ಚಿಕೊಂಡದ್ದರಿಂದ ನೆಲಮಾಳಿಗೆಗೆ ಬೆಂಕಿ ಇಳಿಯಲಿಲ್ಲ, ಆದರೆ ಬೆಂಕಿ ಆರಿಸಿದ ನೀರು ಇಳಿಯಿತು. ಆಮೇಲೆ ವಿದ್ಯಾರ್ಥಿಗಳೂ ಊರಿನವರೂ ಸೇರಿ ವಾರಗಟ್ಟಲೆ ಆ ದಾಖಲೆಗಳನ್ನು ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಹೊರತಂದರು. ನೆನೆದ ಕಾಗದಕ್ಕೆ ಎರಡು ಮೂರು ದಿನದೊಳಗೆ ಬೂಷ್ಟು ಹಿಡಿಯುತ್ತದೆ, ಅಷ್ಟರೊಳಗೆ ಒಣಗಿಸಬೇಕು ಇಲ್ಲವೇ ಹೆಪ್ಪುಗಟ್ಟಿಸಿ ಕಾಯ್ದಿರಿಸಬೇಕು. ನನ್ನ ಮೇಸ್ತ್ರಿಯ ಚೀಟಿ ಇರುವ ಪೆಟ್ಟಿಗೆ ಆ ಕೊಳವೆಯ ಕೆಳಗಿನ ಸಾಲಿನಲ್ಲಿಲ್ಲ ಎಂದು ಕೇಳಿ ತಿಳಿದುಕೊಂಡೇ ಅಲ್ಲಿಂದ ಹೊರಬಂದೆ. ಆದರೆ ಆ ಸಾಲಿನಲ್ಲೂ ಯಾರದ್ದೋ ಚೀಟಿ ಇದ್ದೇ ಇರುತ್ತದೆ.

ಛಾಯಾಚಿತ್ರಗಳ ವಿಭಾಗದ ಬಗ್ಗೆ ನನಗೆ ಮಿಶ್ರ ಭಾವನೆಯಿದೆ. ಚಿತ್ರಗಳು ಸಾವಿರಾರು ಇವೆ, ಪಾರದರ್ಶಕ ಪಾಲಿಯೆಸ್ಟರ್ ಲಕೋಟೆಗಳಲ್ಲಿ ನೀಟಾಗಿವೆ. ಅಸಿಟೇಟ್ ಫಿಲ್ಮಿನ ನೆಗೆಟಿವ್‌ಗಳಿರುವ ಒಂದು ಡಬ್ಬಿಯ ಮುಚ್ಚಳ ತೆಗೆದಾಗ ಮೂಗಿಗೆ ವಿನೆಗರಿನ ಘಾಟು ಹೊಡೆಯಿತು. ಫಿಲ್ಮ್ ಕೊಳೆಯುತ್ತಾ ಅಸಿಟಿಕ್ ಆಮ್ಲ ಬಿಡುವ ಕಾಯಿಲೆ ಅದು, ಒಮ್ಮೆ ಶುರುವಾದರೆ ಆ ಆಮ್ಲವೇ ಕೊಳೆಯುವಿಕೆಯನ್ನು ಇನ್ನಷ್ಟು ಬೇಗ ಮಾಡುತ್ತದೆ. ಅಂಥವನ್ನು ಬೇರೆ ಮಾಡಿ ಶೀತಲ ಪೆಟ್ಟಿಗೆಗೆ ಸಾಗಿಸಿ ಮೊದಲು ಅವನ್ನೇ ಸ್ಕ್ಯಾನ್ ಮಾಡುತ್ತಿದ್ದಾರೆ. ಇಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಚಿತ್ರಗಳ ವಿವರಣೆ ನೋಡಿದರೆ, ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕುಳಿತವರೆಲ್ಲರ ಹೆಸರುಗಳಿವೆ, ಹಿಂದಿನ ಸಾಲಿನಲ್ಲಿ ನಿಂತವರಿಗೆ “ಸಿಬ್ಬಂದಿ ಮತ್ತು ಇತರರು” ಎಂದಿದೆ. ಒಂದು ಚಿತ್ರದಲ್ಲಿ ಆ ‘ಇತರರ’ ನಡುವೆ ನಮ್ಮ ಮೇಸ್ತ್ರಿ ನಿಂತಿದ್ದರು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಆ ವಿವರಣೆಯನ್ನು ಬರೆದವರನ್ನು ದೂರಿ ಪ್ರಯೋಜನವಿಲ್ಲ, ಚಿತ್ರದ ಹಿಂಬದಿಯಲ್ಲಿ ಬರೆದಿದ್ದುದೇ ಅಷ್ಟು. ಆದರೆ ಗೊತ್ತಿದ್ದವರು ಬದುಕಿರುವಾಗಲೇ ಅವರನ್ನು ಕರೆಸಿ ಹೆಸರು ಬರೆಸಿಕೊಳ್ಳುವ ಕೆಲಸವನ್ನು ವರ್ಷಕ್ಕೊಂದು ದಿನಕ್ಕೆ ಸೀಮಿತಗೊಳಿಸಿರುವುದು ಸಾಲದು. ಹಳೆಯ ವಿದ್ಯಾರ್ಥಿಗಳನ್ನು ಕೂರಿಸಿ ಚಿತ್ರ ತೋರಿಸಿ ಹೆಸರು ಕೇಳುವ ಆ ದಿನಕ್ಕೆ ನಾನೂ ಹೋಗಿದ್ದೆ. ಮೂರು ಗಂಟೆಯಲ್ಲಿ ನಾವು ಹದಿನೆಂಟು ಮಂದಿ ಸೇರಿ ಅರವತ್ತಕ್ಕೂ ಹೆಚ್ಚು ಮುಖಗಳಿಗೆ ಹೆಸರು ಕೊಟ್ಟೆವು. ಬಂದವರಲ್ಲಿ ವಿಭಾಗದ ಪರಿಚಾರಕರಾಗಲಿ ವಿದ್ಯಾರ್ಥಿನಿಲಯದ ಅಡುಗೆಯವರಾಗಲಿ ಒಬ್ಬರೂ ಇರಲಿಲ್ಲ. ಅವರಿಗೆ ಆಹ್ವಾನ ಹೋಗಿರಲಿಲ್ಲ, ಏಕೆಂದರೆ ಆಹ್ವಾನ ಕಳಿಸಿದ್ದು ಪದವೀಧರರ ಪಟ್ಟಿ ನೋಡಿ.

ಸಮುದಾಯದ ಸಂಗ್ರಹಗಳೆಂದು ಅವರು ಕರೆಯುವ ಭಾಗದಲ್ಲೂ ಇದೇ ಏರುಪೇರಿದೆ. ವಿದ್ಯಾರ್ಥಿ ಪತ್ರಿಕೆಗಳ ಸಂಪುಟಗಳು, ನಾಟಕ ಸಂಘದ ಪೋಸ್ಟರುಗಳು, ವಿದ್ಯಾರ್ಥಿನಿಲಯದ ಸಮಿತಿಗಳ ಕೈಬರಹದ ನಡಾವಳಿ, ಒಂದು ಮುಷ್ಕರದ ಕಾಲದ ಸೈಕ್ಲೋಸ್ಟೈಲ್ ಕರಪತ್ರಗಳು ಇವೆಲ್ಲ ಸೊಗಸಾಗಿ ಉಳಿದಿವೆ. ವಿದ್ಯಾರ್ಥಿನಿಲಯದ ನಡಾವಳಿಯನ್ನು ನನ್ನ ವಿಷಯಕ್ಕೆ ಸಂಬಂಧವಿಲ್ಲದಿದ್ದರೂ ಒಂದು ಮಧ್ಯಾಹ್ನ ಪೂರ್ತಿ ಓದಿದೆ. ಸಿಂಡಿಕೇಟಿನ ನಡಾವಳಿಯಲ್ಲಿ “ವಿದ್ಯುತ್ ದರದ ವಿಷಯ ಚರ್ಚಿಸಲಾಯಿತು” ಎಂದು ಒಂದೇ ಸಾಲಿನಲ್ಲಿ ಮುಗಿದ ಸಂಗತಿಗೆ ಇಲ್ಲಿ ಆರು ಪುಟಗಳ ವಾದವಿದೆ, ಪರೀಕ್ಷೆಯ ತಿಂಗಳಲ್ಲಿ ರಾತ್ರಿ ಹತ್ತರ ಮೇಲೂ ದೀಪ ಉರಿಯಬೇಕೆಂದು ಯಾರು ಪಟ್ಟು ಹಿಡಿದರು, ಯಾರು ಒಪ್ಪಲಿಲ್ಲ ಎಂಬುದೆಲ್ಲ ಇದೆ. ವಿಶ್ವವಿದ್ಯಾಲಯದ ಬದುಕು ನಡೆದಿರುವುದು ಇಂಥ ಪುಟಗಳಲ್ಲಿ. ಆದರೆ ಬೋಧಕೇತರ ನೌಕರರ ಸಂಘದ ಕಾಗದಗಳು ಒಂದೂ ಇಲ್ಲ. ಕೇಳಿದಾಗ, ಕಚೇರಿಯ ದಾಖಲೆಗಳು ನಿಯಮದ ಪ್ರಕಾರ ಕಾಲಕಾಲಕ್ಕೆ ಪತ್ರಾಗಾರಕ್ಕೆ ಬರುತ್ತವೆ, ಸಂಘಸಂಸ್ಥೆಗಳದ್ದು ಅವರಾಗಿ ಕೊಟ್ಟರೆ ಮಾತ್ರ ಬರುತ್ತದೆ ಎಂದರು. ಉತ್ತರ ಸರಿಯೇ. ಆದರೆ ಕೊಡಬಹುದೆಂಬ ಸಂಗತಿಯೇ ಅವರಿಗೆ ತಿಳಿದಿಲ್ಲದಿದ್ದರೆ ಯಾರು ಕೊಡುತ್ತಾರೆ? ಹೋಗಿ ಕೇಳುವವರು ಬೇಕು, ಕೊಟ್ಟ ಮೇಲೂ ಅದರ ಮೇಲೆ ಅವರ ಹಕ್ಕೇನು, ಯಾರು ನೋಡಬಹುದು, ಯಾವಾಗ ನೋಡಬಹುದು ಎಂಬುದನ್ನು ಬರವಣಿಗೆಯಲ್ಲಿ ಒಪ್ಪಿಕೊಂಡು ನಂಬಿಕೆ ಹುಟ್ಟಿಸಬೇಕು.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತಿರುವುದು ಮೌಖಿಕ ಇತಿಹಾಸದ ಸಂಗ್ರಹ. ನಿವೃತ್ತರ ಮಾತುಗಳನ್ನು ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸಿ, ಹೇಳಿದವರಿಗೆ ಓದಿ ತೋರಿಸಿ, ಅವರ ಒಪ್ಪಿಗೆ ಪತ್ರದೊಂದಿಗೆ ಇಟ್ಟಿದ್ದಾರೆ. ಉಗ್ರಾಣದ ಗುಮಾಸ್ತರೊಬ್ಬರ ಸಂದರ್ಶನ ಅಲ್ಲಿದೆ. ಅದರಲ್ಲಿ ಒಂದೂವರೆ ನಿಮಿಷ ಗಾಜಿನ ಕಾರ್ಯಾಗಾರದ ಮಾತು ಬರುತ್ತದೆ, ಅದು ಯಾವ ಕೋಣೆಯಲ್ಲಿ ಮೊದಲು ಶುರುವಾಯಿತು, ಗ್ಯಾಸ್ ಪೈಪು ಎಲ್ಲಿಂದ ಎಳೆದರು ಎಂಬುದು. ಅಕ್ಷರರೂಪ ಇದ್ದುದರಿಂದಲೇ ಅದು ನನಗೆ ಸಿಕ್ಕಿತು. ಎರಡು ಗಂಟೆಯ ಧ್ವನಿಮುದ್ರಣವನ್ನು ಬರೀ ‘ಸಂದರ್ಶನ 31’ ಎಂದು ಇಟ್ಟಿದ್ದರೆ ನಾನು ಅದನ್ನು ಕೇಳುತ್ತಲೇ ಇರಲಿಲ್ಲ.

ಸಿಬ್ಬಂದಿಯ ಸೇವಾ ಪುಸ್ತಕಗಳನ್ನು ನೋಡಲು ನನಗೆ ಅನುಮತಿ ಸಿಗಲಿಲ್ಲ, ವಿದ್ಯಾರ್ಥಿಗಳ ವೈಯಕ್ತಿಕ ಕಡತಗಳೂ ನಿಗದಿತ ಅವಧಿ ಕಳೆಯುವವರೆಗೆ ಮುಚ್ಚಿಯೇ ಇರುತ್ತವೆ. ಆಗ ನಿರಾಶೆಯಾದರೂ ಇದನ್ನು ನಾನು ದೂರಾಗಿ ಬರೆಯುತ್ತಿಲ್ಲ. ಅಮೆರಿಕದಲ್ಲಿ ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆಗೆ 1974ರಿಂದಲೇ ಪ್ರತ್ಯೇಕ ಕಾಯ್ದೆಯಿದೆ, ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ಸಂರಕ್ಷಣಾ ನಿಯಮ ಪತ್ರಾಗಾರಗಳಿಗೆ ಕೆಲವು ವಿನಾಯಿತಿಗಳನ್ನು ಕೊಟ್ಟರೂ ವ್ಯಕ್ತಿಯ ರಕ್ಷಣೆಯನ್ನು ಬಿಡುವುದಿಲ್ಲ. ಒಬ್ಬರ ಅಂಕಗಳು, ಕಾಯಿಲೆಯ ರಜೆ, ಶಿಸ್ತುಕ್ರಮದ ನೋಟೀಸು ಇವು ನನ್ನ ಕುತೂಹಲಕ್ಕಾಗಿ ತೆರೆದುಕೊಳ್ಳಬಾರದು. ನಿರಾಕರಿಸುವಾಗ ಅವರು ಕಾರಣವನ್ನೂ ತೆರೆಯುವ ವರ್ಷವನ್ನೂ ಲಿಖಿತವಾಗಿ ಕೊಟ್ಟರು.

ಆನ್‌ಲೈನ್ ಸಂಗ್ರಹದ ಬಗ್ಗೆ ಪ್ರಚಾರ ಜೋರಾಗಿದೆ, ಆದರೆ ಅದನ್ನೇ ನಂಬಿ ಕುಳಿತರೆ ಮೋಸಹೋಗುತ್ತೀರಿ. ಅಲ್ಲಿರುವುದು ವಾರ್ಷಿಕ ವರದಿಗಳು, ಘಟಿಕೋತ್ಸವ ಭಾಷಣಗಳು, ವಿದ್ಯಾರ್ಥಿ ಪತ್ರಿಕೆಗಳು, ಅಂದರೆ ಅಚ್ಚಾದ ಸಾಮಗ್ರಿ. ಯಂತ್ರ ಓದಿದ ಅಕ್ಷರಗಳ ಮೇಲೆ ಹುಡುಕಾಟ ನಡೆಯುವುದರಿಂದ ಅಚ್ಚು ಮಸುಕಾದ ಪುಟಗಳಲ್ಲಿ ಹೆಸರುಗಳು ಕೆಟ್ಟಿವೆ, ಕೈಬರಹವಂತೂ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಹೀಗಾಗಿ ಮನೆಯಲ್ಲಿ ಕುಳಿತು ಹುಡುಕುವವನಿಗೆ ವಿಶ್ವವಿದ್ಯಾಲಯ ತನ್ನ ಬಗ್ಗೆ ತಾನೇ ಅಚ್ಚು ಹಾಕಿಸಿಕೊಂಡದ್ದು ಮಾತ್ರ ಕಾಣುತ್ತದೆ. ಪುಟದ ಮೇಲ್ಭಾಗದಲ್ಲಿ ಒಟ್ಟು ಸಂಗ್ರಹದ ಎಷ್ಟು ಪಾಲು ಇಲ್ಲಿದೆ ಎಂಬುದನ್ನು ತಿಳಿಸುವ ಒಂದು ವಾಕ್ಯ ಹಾಕಿ ಎಂದು ಅಭಿಪ್ರಾಯ ಪುಸ್ತಕದಲ್ಲಿ ಬರೆದಿದ್ದೇನೆ. ಈಗಿನ ಕಚೇರಿಗಳ ಇಮೇಲ್ ಮತ್ತು ಡಿಜಿಟಲ್ ಕಡತಗಳನ್ನು ಅವರು ಈಗಾಗಲೇ ಸಂಗ್ರಹಿಸಲು ತೊಡಗಿದ್ದಾರೆ, ದೀರ್ಘಕಾಲ ಉಳಿಯಲೆಂದು 2005ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾದ ಪಿಡಿಎಫ್-ಎ ರೂಪಕ್ಕೆ ಬದಲಿಸಿ, ಕಡತದ ಒಂದು ಅಕ್ಷರ ಬದಲಾದರೂ ಪತ್ತೆಹಚ್ಚುವ ಸಂಖ್ಯೆಯನ್ನು ಲೆಕ್ಕಹಾಕಿ, ಮೂರು ಬೇರೆ ಬೇರೆ ಕಡೆ ಪ್ರತಿಗಳನ್ನಿಡುತ್ತಿದ್ದಾರೆ. ಇದು ಹೇಗೆ ನಡೆಯುತ್ತದೋ ಹತ್ತು ವರ್ಷ ಕಳೆದ ಮೇಲೆ ನೋಡಬೇಕು.

ಸಣ್ಣಪುಟ್ಟ ತೊಂದರೆಗಳೂ ಇವೆ. ಮಧ್ಯಾಹ್ನ ಒಂದೂವರೆ ಗಂಟೆ ಕೊಠಡಿಗೆ ಬೀಗ ಬೀಳುತ್ತದೆ, ದೂರದಿಂದ ಬಂದವರಿಗೆ ಅದು ದೊಡ್ಡ ನಷ್ಟ. ಉತ್ತಮ ಗುಣಮಟ್ಟದ ಸ್ಕ್ಯಾನ್ ಪ್ರತಿ ಕೇಳಿದರೆ ಐದು ವಾರ ಕಾಯಬೇಕು. ಪೆಟ್ಟಿಗೆ ತರಿಸಲು ದಿನಕ್ಕೆ ಎರಡೇ ಹೊತ್ತು, ಬೆಳಿಗ್ಗೆ ತಪ್ಪಿದರೆ ಮಧ್ಯಾಹ್ನ. ಮೊದಲ ಬಾರಿ ಹೋಗುವವರು ತಮ್ಮ ವಿಷಯವನ್ನು ಒಂದು ವಾರ ಮೊದಲೇ ಪತ್ರ ಬರೆದು ತಿಳಿಸುವುದು ಒಳ್ಳೆಯದು, ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂರುವ ಮುನ್ನ ಮೇಜಿನ ಬಳಿ ಹತ್ತು ನಿಮಿಷ ಮಾತನಾಡಬೇಕು. ನಾನು ಅದನ್ನು ಮಾಡದೆ ಎರಡು ದಿನ ಕಳೆದುಕೊಂಡೆ.

ಎರಡನೆಯ ಬಾರಿ ಹೋದಾಗ ನನ್ನ ಪ್ರಬಂಧದ ಕರಡು ಚಿತ್ರಗಳನ್ನು, ಮೇಸ್ತ್ರಿಯ ತಿದ್ದುಪಡಿಗಳಿರುವ ಹದಿನಾಲ್ಕು ಹಾಳೆಗಳನ್ನು, ಪತ್ರಾಗಾರಕ್ಕೆ ಒಪ್ಪಿಸಿದೆ. ಅವರು ಪ್ರತಿ ಹಾಳೆಯನ್ನೂ ಎಣಿಸಿ, ಯಾರ ಕೈಬರಹ ಯಾವುದೆಂದು ನನ್ನಿಂದ ಬರೆಸಿಕೊಂಡು, ಸೇರ್ಪಡೆ ಸಂಖ್ಯೆಯೊಂದಿಗೆ ರಸೀದಿ ಕೊಟ್ಟರು; ದಾನಪತ್ರದ ಎರಡು ಪ್ರತಿಗಳಲ್ಲಿ ಒಂದು ನನ್ನ ಬಳಿಯಿದೆ. ಅಂದು ಸಂಜೆ 31ನೆಯ ಸಂದರ್ಶನದ ಅಕ್ಷರರೂಪವನ್ನು ಮತ್ತೊಮ್ಮೆ ನೋಡಲು ಸೂಚಿಯ ಕಂಪ್ಯೂಟರಿಗೆ ಹೋದವನು, ಹಾಗೇ ಒಮ್ಮೆ ‘ಗಾಜಿನ ಕಾರ್ಯಾಗಾರ’ ಎಂದು ಹಾಕಿ ನೋಡಿದೆ. ಈ ಬಾರಿ ಒಂದು ಸಾಲು ಬಂತು: “ರಸಾಯನಶಾಸ್ತ್ರ ವಿಭಾಗದ ಗಾಜಿನ ಕಾರ್ಯಾಗಾರ. ಕೇಂದ್ರ ಉಗ್ರಾಣ ಸಮಿತಿ, ಪೆಟ್ಟಿಗೆ 7 ನೋಡಿ.” ಕೆಳಗೆ ಮೇಸ್ತ್ರಿಯ ಪೂರ್ಣ ಹೆಸರಿತ್ತು.